ಹೆಬ್ಬೆಟ್ಟು ಕೊಡದ ಊರು

ನಮ್ಮ ಅಜ್ಜಂದಿರ ಕಾಲದಲ್ಲಿ ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವರ ಸಹಿ. ಸಾಲಪತ್ರದ ಕೆಳಗೋ ಕ್ರಯಪತ್ರದ ಕೆಳಗೋ ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಬರುತ್ತಿದ್ದರು. ‘ಹೆಬ್ಬೆಟ್ಟು ಗಿರಾಕಿ’ ಅಂತ ಹೀಯಾಳಿಸುವುದೂ ಇತ್ತು. ಈಗ ನೋಡಿದರೆ ಓದಿದವರು ಓದದವರು ಎಲ್ಲರೂ ಹೆಬ್ಬೆಟ್ಟು ಗಿರಾಕಿಗಳೇ. ರೇಷನ್ ಅಂಗಡಿಯಲ್ಲಿ ಬೆರಳು, ಸಿಮ್ ಕಾರ್ಡಿಗೆ ಬೆರಳು, ಊರಿಗೆ ಬರುವ ಬ್ಯಾಂಕ್ ಮಿತ್ರನ ಯಂತ್ರಕ್ಕೆ ಬೆರಳು, ಮೊಬೈಲ್ ತೆರೆಯುವುದಕ್ಕೂ ಬೆರಳು. ಮಸಿ ಮಾತ್ರ ಹತ್ತುವುದಿಲ್ಲ. ಮಸಿ ಹತ್ತದೆ ಇರುವುದರಿಂದಲೋ ಏನೋ, ಒತ್ತಿದ ಗುರುತು ಎಲ್ಲಿಗೆ ಹೋಯಿತು ಅನ್ನುವ ಯೋಚನೆಯೂ ನಮಗೆ ಬರುವುದಿಲ್ಲ.

ನೂರು ವರ್ಷದ ಹಿಂದೆ ಆ ಯೋಚನೆ ಬಂದ ಜನ ಒಂದು ಕಡೆ ಇದ್ದರು. ನಾವು ಬೆರಳು ಕೊಡುವುದಿಲ್ಲ ಅಂತ ನಿಂತರು, ಗುಂಡು ತಿಂದರು. ಆ ಊರಿನ ಹೆಸರು ಪೆರುಂಗಾಮನಲ್ಲೂರು. ಮಧುರೆಯಿಂದ ತೇನಿಗೆ ಹೋಗುವ ದಾರಿಯಲ್ಲಿ ಸಿಗುವ ಉಸಿಲಂಪಟ್ಟಿಯ ಸೀಮೆ ಅದು. ಆ ಕಥೆ ಹೇಳಬೇಕಾದರೆ ಮೊದಲು ತೇನಿ, ಕಂಬಂ, ದಿಂಡಿಗಲ್ ಕಡೆಯ ನೆಲವನ್ನು ಸ್ವಲ್ಪ ನೋಡಬೇಕು.

ಕಂಬಂ ಕಣಿವೆಯ ಒಂದು ಮಗ್ಗುಲಿಗೆ ಕೇರಳದ ಏಲಕ್ಕಿ ಬೆಟ್ಟಗಳು, ಇನ್ನೊಂದು ಮಗ್ಗುಲಿಗೆ ವರುಸನಾಡು ಬೆಟ್ಟಗಳು. ನಡುವೆ ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು, ತೇನಿ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು, ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರ್ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಈ ಕಡೆಗೆ ಇಳಿಯಿತು. ಕಣಿವೆ ಹಸಿರಾಯಿತು. ಕಟ್ಟಿಸಿದ ಎಂಜಿನಿಯರು ಪೆನ್ನಿಕ್ವಿಕ್ಕನ ಪಟವನ್ನು ಅಲ್ಲಿನ ರೈತರು ಇವತ್ತಿಗೂ ದೇವರ ಪಟದ ಪಕ್ಕ ಇಡುತ್ತಾರೆ. ನಮಗೆ ಸಂಬಂಧಪಟ್ಟ ಇನ್ನೊಂದು ಮಾತಿದೆ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಒಕ್ಕಲಿಗರು ಇದ್ದಾರೆ. ತಮಿಳರು ಅವರನ್ನು ಕಾಪಿಲಿಯರ್ ಅನ್ನುತ್ತಾರೆ. ಕಂಬಂ ಊರಿನಲ್ಲಿ ಅವರ ದೇವರ ದನಗಳ ತೊಳು, ಅಂದರೆ ಕೊಟ್ಟಿಗೆ, ಇವತ್ತಿಗೂ ಇದೆ. ತಲೆಮಾರುಗಳಿಂದ ತಮಿಳು ಓದಿ, ತಮಿಳಿನಲ್ಲೇ ಲೆಕ್ಕ ಬರೆದರೂ ದನ ಕರೆಯುವಾಗ, ಮಕ್ಕಳನ್ನು ಗದರುವಾಗ ಕನ್ನಡವೇ. ಹಾಗಾಗಿ ಇದು ಪೂರಾ ಪರಸ್ಥಳದ ಕಥೆಯೇನಲ್ಲ.

ಮಧುರೆಯ ಪಡುವಣ ಕಡೆಯಿಂದ ಈ ಕಣಿವೆಯವರೆಗೆ ಹರಡಿಕೊಂಡಿದ್ದ ಇನ್ನೊಂದು ಸಮುದಾಯ ಪಿರಮಲೈ ಕಳ್ಳರ್. ಹೆಸರು ಕೇಳಿದ ಕೂಡಲೇ ಕನ್ನಡದ ಕಿವಿಗೆ ಅರ್ಥ ತಪ್ಪಾಗಿ ಕೇಳಿಸುತ್ತದೆ. ಆದರೆ ಪುದುಕೋಟೆಯನ್ನು ಆಳಿದ ತೊಂಡೈಮಾನ್ ಅರಸರೂ ಕಳ್ಳರ್ ಕುಲದವರೇ. ಹೆಸರೊಂದನ್ನೇ ಹಿಡಿದುಕೊಂಡು ಜನರನ್ನು ಅಳೆಯುವುದು ಎಷ್ಟು ದೂರ ಹೋಗಬಹುದು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇವರ ಒಂದು ಮುಖ್ಯ ಕಸುಬು ಕಾವಲು. ಊರಿನ ಬೆಳೆ, ದನ, ಕಣಜ ಕಾಯುವುದು, ಅದಕ್ಕೆ ವರ್ಷಕ್ಕಿಷ್ಟು ಧಾನ್ಯ, ಇಷ್ಟು ಹಣ. ಕಳವಾದರೆ ಹುಡುಕಿ ಕೊಡಬೇಕು, ಇಲ್ಲವೇ ಕಟ್ಟಿಕೊಡಬೇಕು. ಪದ್ಧತಿ ಮೇಲೆ ನೋಡಲು ಚೆನ್ನಾಗಿಯೇ ಇದೆ. ಆದರೆ ಕಾವಲು ಬೇಡ ಅಂದ ಊರಿನಲ್ಲೇ ದನ ಕಳೆಯುವುದೂ ಇತ್ತು. ಕಳೆದ ದನ ಎಲ್ಲಿದೆ ಅಂತ ಸುಳಿವು ಕೊಡುವುದಕ್ಕೆ ‘ತುಪ್ಪುಕೂಲಿ’ ಅಂತ ಬೇರೆ ಹಣ, ದನದ ಬೆಲೆಯ ಸುಮಾರು ಅರ್ಧದಷ್ಟು. ರೈತರು ಎಷ್ಟು ದಿನ ಸಹಿಸುತ್ತಾರೆ? 1896ರಲ್ಲಿ ದಿಂಡಿಗಲ್ ಕಡೆ ಅಮ್ಮಯ್ಯಪ್ಪ ಕೋನ್ ಎಂಬ ಗೊಲ್ಲ ಮುಂದಾಳಾಗಿ ನಿಂತು, ಊರೂರು ಸೇರಿ ಹಣ ಕೂಡಿಸಿ, ಕಳ್ಳರ ಕಾವಲು ಬೇಡ, ನಮ್ಮ ಕಾವಲುಗಾರನನ್ನು ನಾವೇ ಇಟ್ಟುಕೊಳ್ಳುತ್ತೇವೆ ಅಂದರು. ಅದು ಪಳನಿಗೂ ಪೆರಿಯಕುಳಕ್ಕೂ ಹಬ್ಬಿತು. ಕೆಲವು ಕಡೆ ಗಲಭೆಯೂ ಆಯಿತು.

ಇದನ್ನು ಮುಚ್ಚಿಟ್ಟು ಮುಂದಿನ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ. ರೈತರ ಸಿಟ್ಟಿಗೆ ಕಾರಣವಿತ್ತು. ಆ ಸಿಟ್ಟನ್ನು ಸರ್ಕಾರ ಬಳಸಿಕೊಂಡ ರೀತಿಯೇ ಬೇರೆ. ಯಾವನು ದನ ಕದ್ದನೋ ಅವನನ್ನು ಹಿಡಿಯುವುದರ ಬದಲು, ಹುಟ್ಟಿದವರನ್ನೆಲ್ಲ ಬರೆದಿಟ್ಟುಕೊಳ್ಳುವ ದಾರಿ ಹಿಡಿಯಿತು.

ಆ ದಾರಿಗೆ ಕಾನೂನು ಮೊದಲೇ ಸಿದ್ಧವಾಗಿತ್ತು. 1871ರಲ್ಲಿ ಉತ್ತರ ಭಾರತಕ್ಕೆ ಅಂತ ಮಾಡಿದ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯನ್ನು 1911ರಲ್ಲಿ ತಿದ್ದಿ ಮದರಾಸು ಪ್ರಾಂತಕ್ಕೂ ತಂದರು. ಒಂದು ಜಾತಿಯನ್ನೋ ಗುಂಪನ್ನೋ ಅಪರಾಧಿ ಅಂತ ಸರ್ಕಾರ ಪ್ರಕಟಿಸಿದರೆ ಸಾಕು, ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವ ಹಾಗಿಲ್ಲ. ಸಾಧನವೂ ಸಿದ್ಧವಿತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಕಂತ್ರಾಟುದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡಿದ್ದ. ಮಾತು ತಪ್ಪದೆ ಇರಲಿ ಅಂತ ಮಾಡಿದ ಉಪಾಯ ಅದು. ಆಮೇಲೆ ಬೆರಳಿನ ಗೆರೆಗಳನ್ನು ವಿಂಗಡಿಸಿ, ಸಾವಿರಾರು ಹಾಳೆಗಳ ನಡುವೆ ಒಬ್ಬನನ್ನು ಹುಡುಕಿ ತೆಗೆಯುವ ಕ್ರಮ ಬಂತು. ಅದಕ್ಕೆ ಎಡ್ವರ್ಡ್ ಹೆನ್ರಿಯ ಹೆಸರಿದೆ. ಲೆಕ್ಕ ಹಾಕಿ ದುಡಿದವರು ಅವನ ಕೈಕೆಳಗಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಲಂಡನ್ನಿನ ಪೊಲೀಸರು ಅದನ್ನು ಕಲಿತದ್ದು 1901ರಲ್ಲಿ. ಅಂದರೆ ಈ ವಿದ್ಯೆ ಇಲ್ಲಿಂದ ಅಲ್ಲಿಗೆ ಹೋದದ್ದು. ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕಾದ ಸಂಗತಿ, ಹೆಮ್ಮೆಯೋ ಬೇಸರವೋ ಅವರೇ ತೀರ್ಮಾನಿಸಲಿ.

1914ರಿಂದ ಮಧುರೆ ಸೀಮೆಯಲ್ಲಿ ಒಂದೊಂದೇ ಊರಿನ ಕಳ್ಳರ್ ಜನರನ್ನು ಪಟ್ಟಿಗೆ ಹಾಕುತ್ತ ಬಂದರು. 1918ರಲ್ಲಿ ಪಿರಮಲೈ ಕಳ್ಳರ್ ಸಮುದಾಯವನ್ನೇ ಪೂರ್ತಿ ಸೇರಿಸಿದರು. ಕಳವು ಮಾಡಿದವನು, ಮಾಡದವನು, ಹೊಲ ಉಳುವವನು, ಕುರಿ ಸಾಕುವವನು ಎಲ್ಲ ಒಂದೇ. ಗಂಡಸರು ಬಂದು ಬೆರಳು ಒತ್ತಬೇಕು. ಕೆಲವರು ಗೊತ್ತುಮಾಡಿದ ಹೊತ್ತಿಗೆ ಹೋಗಿ ಹಾಜರಿ ಕೊಡಬೇಕು, ಕೆಲವರು ರಾತ್ರಿ ಮನೆಯಲ್ಲಿ ಮಲಗುವ ಹಾಗಿಲ್ಲ, ಗೊತ್ತುಮಾಡಿದ ಜಾಗದಲ್ಲಿ ಎಲ್ಲರ ಜೊತೆ ಮಲಗಬೇಕು. ಮಗಳನ್ನು ನೋಡಲು ಪಕ್ಕದ ಊರಿಗೆ ಹೋಗಬೇಕಾದರೂ ಚೀಟಿ ಬೇಕು. ಆ ಚೀಟಿಗೆ ಅಲ್ಲಿಯವರು ‘ರಾದಾರಿ ಚೀಟು’ ಅನ್ನುತ್ತಿದ್ದರು. ನಮ್ಮ ರಹದಾರಿಯೇ ಅದು. ಎಲ್ಲಿಂದ ಹೊರಟ, ಎಲ್ಲಿಗೆ ಹೋದ, ಎಷ್ಟು ಹೊತ್ತಿಗೆ ಮುಟ್ಟಿದ ಎಲ್ಲ ಅದರಲ್ಲಿ ಬರೆದಿರಬೇಕು. ಕಾನೂನಿನ ಇಂಗ್ಲಿಷ್ ಹೆಸರು ಜನರ ಬಾಯಿಗೆ ಹೊರಳಲಿಲ್ಲ. ಅವರು ಅದಕ್ಕೆ ‘ಕೈರೇಖೆ ಸಟ್ಟಂ’ ಅಂದರು, ಕೈಗೆರೆಯ ಕಾನೂನು.

ನಮ್ಮಲ್ಲೂ ಇದರ ನೆರಳು ಇದೆ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ‘ಸೆಟ್ಲಮೆಂಟ್’ ಅಂತ ಕರೆಯುವ ಬಡಾವಣೆಗಳನ್ನು ನೋಡಿದವರು ಇದ್ದೀರಿ. ಅದೇ ಕಾಯ್ದೆಯ ಕೆಳಗೆ ಅಲೆಮಾರಿ ಜನರನ್ನು ತಂದು ಬೇಲಿ ಹಾಕಿ ಕೂಡಿಸಿದ ಜಾಗಗಳು ಅವು. ಬೇಲಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ.

ಪೆರುಂಗಾಮನಲ್ಲೂರಿನವರು ಬೆರಳು ಕೊಡಲು ಒಪ್ಪಲಿಲ್ಲ. ನಾವು ಬೇಸಾಯಗಾರರು, ಕಂದಾಯ ಕಟ್ಟುವವರು, ನಮ್ಮನ್ನು ಏಕೆ ಕಳ್ಳರ ಪಟ್ಟಿಗೆ ಬರೆಯುತ್ತೀರಿ ಅನ್ನುವುದು ಅವರ ಮಾತು. 1920ರ ಏಪ್ರಿಲ್ 3ರಂದು ಆಯುಧ ಹಿಡಿದ ಪೊಲೀಸರು ಊರಿಗೆ ಬಂದರು. ಜನ ಗುಂಪು ಸೇರಿದರು, ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು. ಆ ಊರಿನ ಸ್ಮಾರಕದಲ್ಲಿ 16 ಹೆಸರುಗಳಿವೆ. ಅದರಲ್ಲಿ ಒಂದು ಹೆಂಗಸಿನದು, ಮಾಯಕ್ಕಾಳ್. ಗಾಯಗೊಂಡವರಿಗೆ ನೀರು ಕೊಡಲು ಹೋದವಳು ಅಂತ ಅಲ್ಲಿಯವರು ಹೇಳುತ್ತಾರೆ. ಜಲಿಯನ್‌ವಾಲಾಬಾಗ್ ನಡೆದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದನ್ನು ದೇಶವೆಲ್ಲ ಓದಿತು. ಇದು ಆ ಸೀಮೆ ದಾಟಿ ಹೊರಗೆ ಬರಲು ಬಹಳ ವರ್ಷ ಹಿಡಿಯಿತು.

ಕಳ್ಳರ ಪರವಾಗಿ ನಿಂತವರಲ್ಲಿ ಮಧುರೆಯ ವಕೀಲ ಜಾರ್ಜ್ ಜೋಸೆಫ್ ಒಬ್ಬರು. ಹುಟ್ಟಿದ್ದು ಕೇರಳದ ಚೆಂಗನ್ನೂರಿನಲ್ಲಿ. ಕೋರ್ಟಿನಲ್ಲೂ ಹೊರಗೂ ಈ ಕಾನೂನಿನ ವಿರುದ್ಧ ಹೋರಾಡಿದರು. ಕಳ್ಳರ್ ಜನ ಅವರನ್ನು ‘ರೋಸಾಪ್ಪೂ ದೊರೆ’ ಅಂತ, ಗುಲಾಬಿ ಹೂವಿನ ದೊರೆ ಅಂತ, ಪ್ರೀತಿಯಿಂದ ಕರೆದರು. ಆಮೇಲೆ ಮುತ್ತುರಾಮಲಿಂಗ ತೇವರ್, ಕಮ್ಯುನಿಸ್ಟ್ ನಾಯಕ ಜೀವಾನಂದಂ ಅವರೆಲ್ಲ ದನಿಯೆತ್ತಿದರು. ಮದರಾಸು ಪ್ರಾಂತದಲ್ಲಿ 1947ರಲ್ಲಿ ಕಾಯ್ದೆ ರದ್ದಾಯಿತು, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಬೆರಳು ಒತ್ತಿಸಿಕೊಂಡ ಅದೇ ಸರ್ಕಾರ ಕಳ್ಳರ್ ಊರುಗಳಲ್ಲಿ ಶಾಲೆಗಳನ್ನೂ ತೆರೆಯಿತು. ‘ಕಳ್ಳರ್ ಸುಧಾರಣಾ ಶಾಲೆ’ಗಳು ಮಧುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ನಮ್ಮ ಕಾಲದವರೆಗೂ ನಡೆದುಕೊಂಡು ಬಂದಿವೆ. ಅಲ್ಲಿ ಓದಿ ಮುಂದೆ ಬಂದವರು ಸಾವಿರಾರು. ಕೊಡುವ ಕೈಯೂ ಬರೆದುಕೊಳ್ಳುವ ಕೈಯೂ ಒಂದೇ ಆದಾಗ ಜನ ಏನು ಮಾಡಬೇಕು? ಶಾಲೆ ಬೇಕು, ಪಟ್ಟಿ ಬೇಡ ಅನ್ನುವ ಅವಕಾಶ ಅವರಿಗೆ ಇರಲಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ ಅಂತ ಹೋರಾಡಿದವರ ಮೊಮ್ಮಕ್ಕಳು, ‘ಪಟ್ಟಿಯಿಂದ ಬಿಡುಗಡೆಯಾದ ಬುಡಕಟ್ಟು’ ಅನ್ನುವ ಸರ್ಟಿಫಿಕೇಟು ಬೇಕು ಅಂತ ಸರ್ಕಾರದ ಬಾಗಿಲಿಗೆ ಅಲೆದಿದ್ದಾರೆ. ಸೌಲಭ್ಯ ಸಿಗುವುದು ಅದರಿಂದಲೇ. ಬರೆದಿಟ್ಟದ್ದು ಅಷ್ಟು ಸುಲಭವಾಗಿ ಅಳಿಯುವುದಿಲ್ಲ, ಕೆಲವು ಸಲ ಅಳಿಯಲಿ ಅಂತ ನಾವೂ ಬಯಸುವುದಿಲ್ಲ.

ಕಾಯ್ದೆ ಹೋದರೂ ಅದರ ಅಭ್ಯಾಸ ಹೋಗಲಿಲ್ಲ. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಬೇರೆ ತಂದವು. ಪೊಲೀಸ್ ಠಾಣೆಯಲ್ಲಿ ಒಬ್ಬೊಬ್ಬನ ‘ಹಿಸ್ಟರಿ ಶೀಟ್’ ಮುಂದುವರಿಯಿತು. ನಮ್ಮೂರಲ್ಲೂ ‘ರೌಡಿ ಶೀಟರ್’ ಅನ್ನುವ ಮಾತು ಮಕ್ಕಳಿಗೂ ಗೊತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ಜಾತಿ ತಾರತಮ್ಯದ ತೀರ್ಪು ಕೊಡುವಾಗ, ಈ ಹಳೆಯ ಪಟ್ಟಿಯ ಸಮುದಾಯಗಳನ್ನು ಹುಟ್ಟಿನಿಂದಲೇ ಅನುಮಾನಿಸುವ ಚಾಳಿಯ ಬಗ್ಗೆಯೂ ಹೇಳಬೇಕಾಯಿತು.

ಹಿಸ್ಟರಿ ಶೀಟಿನ ವಿಷಯದಲ್ಲಿ ಒಂದು ಹಳೆಯ ಮೊಕದ್ದಮೆ ಇದೆ. ಮೊಬೈಲಿನ ಕಾಲದ ಗುಟ್ಟು ಅದರಲ್ಲಿ ಅಡಗಿದೆ ಅಂತ ನನಗೆ ಅನ್ನಿಸುತ್ತದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆ ಆರೋಪದ ಮೇಲೆ ಹಿಡಿದು, ಸಾಕ್ಷಿ ಸಿಗದೆ ಬಿಟ್ಟರು. ಬಿಟ್ಟರೂ ಅವನ ಹೆಸರಿನಲ್ಲಿ ಶೀಟ್ ತೆರೆದರು. ರಾತ್ರಿ ಹೊತ್ತು ಪೊಲೀಸರು ಬಂದು ಬಾಗಿಲು ಬಡಿದು ಎಬ್ಬಿಸುವುದು, ಮನೆಯ ಮೇಲೆ ಗುಟ್ಟಾಗಿ ಕಣ್ಣಿಡುವುದು, ಎಲ್ಲಿ ಹೋದ ಬಂದ ಬರೆದುಕೊಳ್ಳುವುದು ನಡೆಯಿತು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ಬಂದ ತೀರ್ಪಿನಲ್ಲಿ ಹೆಚ್ಚಿನ ನ್ಯಾಯಮೂರ್ತಿಗಳು, ರಾತ್ರಿ ಬಾಗಿಲು ಬಡಿಯುವುದು ತಪ್ಪು ಅಂದರು. ಆದರೆ ದೂರದಿಂದ ಗುಟ್ಟಾಗಿ ನೋಡುವುದನ್ನು ತಪ್ಪು ಅನ್ನಲಿಲ್ಲ. ನೋಡುತ್ತಿರುವುದು ಅವನಿಗೆ ಗೊತ್ತೇ ಇಲ್ಲದ ಮೇಲೆ ಅವನ ಓಡಾಟಕ್ಕೆ ಅಡ್ಡಿ ಏನು ಬಂತು ಅನ್ನುವುದು ಅವರ ತರ್ಕ. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ, ಇನ್ನೊಬ್ಬ ನ್ಯಾಯಮೂರ್ತಿ ಷಾ ಅವರೊಡನೆ, ಇದನ್ನು ಒಪ್ಪಲಿಲ್ಲ. ಬೆನ್ನ ಹಿಂದೆ ಕಣ್ಣಿಟ್ಟುಕೊಂಡು ನಡೆಯುವವನು ಸ್ವತಂತ್ರನಾಗಿ ನಡೆದಂತೆ ಆಗುವುದಿಲ್ಲ ಅನ್ನುವುದು ಅವರ ನಿಲುವು.

ಗೊತ್ತಿಲ್ಲದೆ ನೋಡಿದರೆ ನೋವಿಲ್ಲ ಅನ್ನುವ ಆ ತರ್ಕ 55 ವರ್ಷ ಕಾನೂನಿನ ಪುಸ್ತಕದಲ್ಲಿ ಉಳಿಯಿತು. ಅದನ್ನು ಕಿತ್ತುಹಾಕಿಸಿದವರು ನಮ್ಮವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, 2012ರಲ್ಲಿ ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಆಧಾರಿಗೆ ಸಂಸತ್ತಿನ ಕಾನೂನೇ ಇರಲಿಲ್ಲ. ಜನರ ಹತ್ತೂ ಬೆರಳು, ಎರಡೂ ಕಣ್ಣು ಬರೆದುಕೊಳ್ಳುವ ಕೆಲಸ ಮಾತ್ರ ಭರದಿಂದ ನಡೆದಿತ್ತು. ವಾದ ಬೆಳೆಯುತ್ತ, ಭಾರತದ ಪ್ರಜೆಗೆ ಖಾಸಗಿತನದ ಹಕ್ಕು ಇದೆಯೇ ಅನ್ನುವ ಬುಡದ ಪ್ರಶ್ನೆಗೇ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ, ಇದೆ, ಅದು ಮೂಲಭೂತ ಹಕ್ಕು ಅಂದರು. ಆ ಪೀಠದಲ್ಲಿ ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಖರಕ್ ಸಿಂಗ್ ತೀರ್ಪಿನಲ್ಲಿ ಖಾಸಗಿತನ ಹಕ್ಕಲ್ಲ ಅಂದಿದ್ದ ಭಾಗ ಅವತ್ತು ಬಿದ್ದುಹೋಯಿತು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರನ್ನು ಕೋರ್ಟು ಉಳಿಸಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕೇಳುವ ದಾರಿಗೆ ಕತ್ತರಿ ಹಾಕಿತು. 2019ರ ತಿದ್ದುಪಡಿಯಿಂದ, ನಾವಾಗಿ ಒಪ್ಪಿದರೆ ಬ್ಯಾಂಕು, ಸಿಮ್ಮಿಗೆ ಕೊಡಬಹುದು. ನಾವಾಗಿ ಒಪ್ಪುವುದು ಅಂದರೇನು ಅನ್ನುವುದು ಅಂಗಡಿಯ ಕ್ಯೂನಲ್ಲಿ ನಿಂತವನಿಗೇ ಗೊತ್ತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಮೊಕದ್ದಮೆಯನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ನಮ್ಮ ಊರುಗಳಲ್ಲಿ ಎಷ್ಟು ಜನ ಕೇಳಿದ್ದೇವೆ?

ಇಷ್ಟೆಲ್ಲ ಆದ ಮೇಲೆ ಈಗಿನ ಪಟ್ಟಿಯನ್ನು ನೋಡೋಣ. ಪೆರುಂಗಾಮನಲ್ಲೂರಿಗೆ ಪಟ್ಟಿ ಬಂದದ್ದು ಹಗಲಿನಲ್ಲಿ, ಪೊಲೀಸರ ಕೈಯಲ್ಲಿ, ಮಸಿಯ ಡಬ್ಬಿಯ ಜೊತೆ. ಬೇಡ ಅನ್ನಲು ಎದುರಿಗೆ ಒಬ್ಬ ಮನುಷ್ಯ ಇದ್ದ. ಮೊಬೈಲಿನಲ್ಲಿ ನಡೆಯುವ ಬರವಣಿಗೆಗೆ ಮಸಿಯೂ ಇಲ್ಲ, ಮನುಷ್ಯನೂ ಇಲ್ಲ.

ಅದು ನಡೆಯುವ ಬಗೆ ಹೀಗೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಹುಡುಗ ‘ಕುಕಿ’ ಅನ್ನುವುದನ್ನು ಮಾಡಿದ. ಆನ್‌ಲೈನ್ ಅಂಗಡಿಯಲ್ಲಿ ನಾವು ಬುಟ್ಟಿಗೆ ಹಾಕಿದ ಸಾಮಾನು ಮರೆತುಹೋಗದಿರಲಿ ಅಂತ, ನಮ್ಮ ಯಂತ್ರದಲ್ಲೇ ಒಂದು ಸಣ್ಣ ಚೀಟಿ ಇಡುವ ಉಪಾಯ. ಹರ್ಷೆಲ್ಲನ ಕರಾರುಪತ್ರದ ಹಾಗೆಯೇ ಇದರ ಮೊದಲ ಉದ್ದೇಶದಲ್ಲಿ ಕೇಡೇನೂ ಇರಲಿಲ್ಲ. ಆಮೇಲೆ ಜಾಹೀರಾತು ಕಂಪನಿಗಳು, ನಾವು ಹೋದ ಜಾಗದವರಲ್ಲದ ಮೂರನೆಯವರು, ತಮ್ಮ ಚೀಟಿಯನ್ನೂ ಅಲ್ಲಿ ಇಡತೊಡಗಿದರು. ಸಂತೆಯಲ್ಲಿ ನೀವು ಬಟ್ಟೆ ಅಂಗಡಿ, ಔಷಧಿ ಅಂಗಡಿ, ಬೀಜದ ಅಂಗಡಿ ಮೂರಕ್ಕೂ ಹೋಗುತ್ತೀರಿ ಅಂದುಕೊಳ್ಳಿ. ಮೂರರ ಮೂಲೆಯಲ್ಲೂ ಒಬ್ಬನೇ ಯಜಮಾನನ ಆಳು ಕೂತಿದ್ದಾನೆ. ಏನು ಕೇಳಿದಿರಿ, ಯಾವುದರ ಬೆಲೆ ಕೇಳಿ ಸುಮ್ಮನಾದಿರಿ, ಯಾವ ರೋಗದ ಮಾತ್ರೆ ತೆಗೆದುಕೊಂಡಿರಿ, ಸಂಜೆಗೆ ಮೂರೂ ಒಂದೇ ದಫ್ತರಕ್ಕೆ ಸೇರುತ್ತದೆ. ಸಂತೆಯಲ್ಲಾದರೆ ಎರಡನೇ ವಾರಕ್ಕೆ ಆ ಆಳಿನ ಮುಖ ಗುರುತು ಸಿಗುತ್ತಿತ್ತು. ಇಲ್ಲಿ ಸಿಗುವುದಿಲ್ಲ. ಒಂದೇ ಒಂದು ಚುಕ್ಕೆಯಷ್ಟು, ಕಣ್ಣಿಗೆ ಕಾಣದ ಚಿತ್ರವನ್ನು ಇಮೇಲಿನೊಳಗೆ ಇಟ್ಟು, ಅದನ್ನು ಯಾವಾಗ ತೆರೆದಿರಿ ಅಂತ ತಿಳಿಯುವುದೂ ಉಂಟು. ಮೊಬೈಲಿನ ಆಪ್‌ಗಳ ಒಳಗೂ ಬೇರೆ ಕಂಪನಿಗಳ ತುಣುಕುಗಳನ್ನು ಹೊಲಿದಿರುತ್ತಾರೆ. ಟಾರ್ಚ್ ಹಚ್ಚುವ ಆಪ್‌ಗೆ ನಾವು ಎಲ್ಲಿದ್ದೇವೆ ಅನ್ನುವುದು ಏಕೆ ಬೇಕು?

ರಾದಾರಿ ಚೀಟಿಯಲ್ಲಿ ಬರೆಯುತ್ತಿದ್ದ ಮೂರೂ ವಿವರ, ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ, ಈಗ ಜೇಬಿನಲ್ಲಿರುವ ಮೊಬೈಲು ತಾನೇ ಬರೆಯುತ್ತದೆ. ಲೊಕೇಶನ್ ಇತಿಹಾಸವನ್ನು ಬಂದ್ ಮಾಡಿದರೂ ಗೂಗಲ್ ಬೇರೆ ದಾರಿಯಿಂದ ಜಾಗ ಉಳಿಸಿಕೊಳ್ಳುತ್ತಿತ್ತು ಅಂತ 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬಯಲು ಮಾಡಿತು. 2022ರ ನವೆಂಬರಿನಲ್ಲಿ ಅಮೆರಿಕದ 40 ರಾಜ್ಯಗಳಿಗೆ ಆ ಕಂಪನಿ 39.15 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಮ್ಮ ದೇಶದ ಒಂದು ಲೆಕ್ಕ ಕೊಡುತ್ತೇನೆ, ಮೇಷ್ಟರುಗಳು ಗಣಿತದ ತರಗತಿಯಲ್ಲೂ ಬಳಸಬಹುದು. ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ವಭಾವ ಹೇಳುತ್ತೇವೆ ಅನ್ನುವ ಒಂದು ಪ್ರಶ್ನಾವಳಿಯ ಆಪ್ ಇತ್ತು. ಅದರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ, ಚುನಾವಣೆ ಪ್ರಚಾರ ಮಾಡಿಕೊಡುವ ಕಂಪನಿಗೆ ಹೋಯಿತು. 2018ರಲ್ಲಿ ವಿಷಯ ಹೊರಬಿದ್ದಾಗ ಫೇಸ್‌ಬುಕ್ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆಪನ್ನು ಹಾಕಿಕೊಂಡವರು 335 ಮಂದಿ. ಅವರ ಮೂಲಕ, ಅವರ ಗೆಳೆಯರನ್ನೂ ಸೇರಿಸಿ, ಮಾಹಿತಿ ಹೋಗಿರಬಹುದಾದವರು 5,62,455 ಮಂದಿ. ಒಬ್ಬ ಒಪ್ಪಿದರೆ ಅವನ ಹಿಂದೆ ಸುಮಾರು 1,700 ಜನ. ಆ 1,700 ಜನರಿಗೆ ಯಾರೂ ಏನೂ ಕೇಳಲಿಲ್ಲ. ಒಬ್ಬನ ಕಳವಿಗೆ ಜಾತಿಯನ್ನೆಲ್ಲ ಬರೆದುಕೊಂಡದ್ದಕ್ಕೂ ಒಬ್ಬನ ಒಪ್ಪಿಗೆಗೆ ಗೆಳೆಯರನ್ನೆಲ್ಲ ಬರೆದುಕೊಂಡದ್ದಕ್ಕೂ ಬಹಳ ದೂರವಿಲ್ಲ. ಗುಂಡು ಹಾರಲಿಲ್ಲ, ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಪೆರುಂಗಾಮನಲ್ಲೂರಿನ 16 ಜನರಿಗೆ ಅನ್ಯಾಯ. ಆದರೆ ಬರೆದುಕೊಂಡವನು ನಮ್ಮನ್ನು ನಾಳೆ ಯಾವ ಸಾಲಿಗೆ ಸೇರಿಸುತ್ತಾನೆ, ಸಾಲ ಕೊಡಬಹುದಾದವನೋ, ವಿಮೆಗೆ ಬಾರದವನೋ, ಹೆದರಿಸಿ ವೋಟು ಪಡೆಯಬಹುದಾದವನೋ ಅನ್ನುವುದು ನಮ್ಮ ಕೈಯಲ್ಲಿ ಇಲ್ಲ.

ಹಳೆಯ ಕಾವಲಿನ ಮಾತೂ ಇಲ್ಲಿ ನೆನಪಾಗುತ್ತದೆ. ನಿಮ್ಮ ಸುರಕ್ಷತೆಗಾಗಿ, ನಿಮ್ಮ ಅನುಕೂಲಕ್ಕಾಗಿ ಅಂತಲೇ ಎಲ್ಲ ಶುರುವಾಗುತ್ತದೆ. ಪುಕ್ಕಟೆ ಅಂತ ಕೊಟ್ಟದ್ದಕ್ಕೆ ಕೂಲಿ ಬೇರೆ ರೂಪದಲ್ಲಿ ಹೋಗುತ್ತದೆ. ಮೊನ್ನೆ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಎರಡು ಪಂಚೆ ಕೊಂಡೆ. ನಗದು ಕೊಟ್ಟೆ. ಬಿಲ್ ಆಗಬೇಕಾದರೆ ಮೊಬೈಲ್ ನಂಬರ್ ಹೇಳಿ ಸಾರ್ ಅಂದಳು ಹುಡುಗಿ. ಯಾಕಮ್ಮ ಅಂದರೆ, ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಸಾರ್ ಅಂದಳು. ಹಿಂದೆ ಜನ ನಿಂತಿದ್ದರು. ಹೇಳಿದೆ. ಇಷ್ಟೆಲ್ಲ ಬರೆಯುವ ನಾನೇ ಹೇಳಿಬಿಟ್ಟೆ.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಭಾಗಗಳು ಜಾರಿಯಾಗಲು 18 ತಿಂಗಳ ಕಾಲ ಕೊಟ್ಟಿದ್ದಾರೆ. ಅದರಲ್ಲಿ ಹಳ್ಳಿಯವರಿಗೆ ಉಪಯೋಗದ ಒಂದು ಅಂಶವಿದೆ. ನಮ್ಮ ಮಾಹಿತಿ ಪಡೆಯುವಾಗ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಅವಕಾಶ ಕೊಡಬೇಕು. ಅಂದರೆ ಇಂಗ್ಲಿಷಿನ ಉದ್ದ ಹಾಳೆಯ ಕೆಳಗೆ ‘ಐ ಅಗ್ರೀ’ ಒತ್ತುವುದಕ್ಕೆ ಮೊದಲು ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಮಗೆ ಬರುತ್ತದೆ. ಏನು ಬರೆದುಕೊಂಡಿದ್ದೀರಿ ತೋರಿಸಿ, ತಪ್ಪಿದ್ದರೆ ತಿದ್ದಿ, ಬೇಡವಾದದ್ದನ್ನು ಅಳಿಸಿ ಅಂತಲೂ ಕೇಳಬಹುದು. ಇದೇ ಮೂರು ಮಾತು ಪೆರುಂಗಾಮನಲ್ಲೂರಿನವರು ಕೇಳಿದ್ದರೆ ಕೇಳುವ ಕಚೇರಿಯೇ ಇರಲಿಲ್ಲ. ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಸರ್ಕಾರ ತನಗೆ ತಾನೇ ಬಹಳ ವಿನಾಯಿತಿ ಬರೆದುಕೊಂಡಿದೆ. ಅದು ನನಗೆ ಸರಿಕಾಣುವುದಿಲ್ಲ. ಕಂಬಂ ಕಣಿವೆಯ ಕಥೆಯಲ್ಲಿ ಪಟ್ಟಿ ಬರೆದದ್ದು ಕಂಪನಿಯಲ್ಲ.

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ‘ಪರ್ಮಿಷನ್’ ಅಂತ ಇರುತ್ತದೆ. ಯಾವ ಆಪ್‌ಗೆ ಲೊಕೇಶನ್, ಮೈಕು, ಫೋನ್ ನಂಬರುಗಳ ಪಟ್ಟಿ ಕೊಟ್ಟಿದ್ದೇವೆ ಅಂತ ಅಲ್ಲಿ ಕಾಣುತ್ತದೆ, ಬೇಡದ್ದನ್ನು ಕಿತ್ತುಕೊಳ್ಳಬಹುದು. ಜಾಹೀರಾತಿಗೆ ಅಂತ ಆಂಡ್ರಾಯ್ಡ್ ಫೋನಿಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನೂ ಅಲ್ಲೇ ಅಳಿಸಬಹುದು. ಎಲ್ಲ ಕಡೆ ಆಧಾರ್ ಜೆರಾಕ್ಸ್ ಕೊಡುವ ಬದಲು ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ. ನಮ್ಮ ಹೆಸರಿನಲ್ಲಿ ನಮಗೇ ಗೊತ್ತಿಲ್ಲದ ಸಿಮ್ ಇದೆಯೇ ಅಂತ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು.

ಇನ್ನು ಬೆರಳಿನ ವಿಷಯ. ಆಧಾರ್ ಪ್ರಾಧಿಕಾರದ ತಾಣದಲ್ಲಿ, ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರನ್ನು ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಓಟಿಪಿಯಿಂದಲೋ ಪರೀಕ್ಷಿಸಲಾಗಿದೆ ಅನ್ನುವ ಪಟ್ಟಿ ಸಿಗುತ್ತದೆ. ರೇಷನ್ ತಂದ ದಿನ, ಪಿಂಚಣಿ ತೆಗೆದ ದಿನ ಅದರಲ್ಲಿ ಇರಬೇಕು. ನೀವು ಎಲ್ಲಿಗೂ ಹೋಗದ ದಿನ ಅದರಲ್ಲಿ ಇದ್ದರೆ ಕೇಳಬೇಕಾದ್ದಿದೆ ಅಂತ ಅರ್ಥ. ಬೆರಳಿಗೆ ಬೀಗ ಹಾಕುವ ಅನುಕೂಲವೂ ಅಲ್ಲೇ ಇದೆ, ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು, ಓಟಿಪಿ ಬರುತ್ತದೆ, ಅದನ್ನು ಬೇರೆ ಯಾರಿಗೂ ಹೇಳಬಾರದು. ವಾಚನಾಲಯಕ್ಕೆ ಸಂಜೆ ಬರುವ ಹುಡುಗರಿಗೆ ಇದೆಲ್ಲ ಗೊತ್ತಿದೆ. ಅವರ ಪಕ್ಕದಲ್ಲಿ ಕೂತು, ಒತ್ತುವುದನ್ನು ಮಾತ್ರ ನೀವೇ ಒತ್ತಿ.